ಹಾಲಿನ ಡೇರಿಯ ಕಂಪ್ಯೂಟರ್ ಪರದೆ ಇದ್ದಕ್ಕಿದ್ದಂತೆ ಕಪ್ಪಾದಾಗ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಬೇಸಾಯ ಬಹುಪಾಲು ಮಳೆಯನ್ನೇ ನಂಬಿರುವಂಥದು. ವಾಣಿವಿಲಾಸ ಸಾಗರದ ನಾಲೆ ಹರಿಯುವ ಹಿರಿಯೂರಿನ ಕೆಲವು ಊರುಗಳನ್ನೂ, ಕೊಳವೆಬಾವಿ ಬತ್ತದೆ ಉಳಿದಿರುವ ಹೊಳಲ್ಕೆರೆಯ ಅಡಿಕೆ ತೋಟಗಳನ್ನೂ, ಹೊಸದುರ್ಗದ ತೆಂಗಿನ ತೋಟಗಳನ್ನೂ ಬಿಟ್ಟರೆ, ಉಳಿದ ಕಡೆ ಶೇಂಗಾ, ಮೆಕ್ಕೆಜೋಳ, ರಾಗಿ ಕೈಕೊಟ್ಟ ವರ್ಷ ಮನೆಯಲ್ಲಿ ಕಾಸು ಓಡಾಡುವುದು ಕೊಟ್ಟಿಗೆಯಲ್ಲಿರುವ ಒಂದೆರಡು ಹಸುಗಳಿಂದ. ಆ ಕಾಸಿನ ಲೆಕ್ಕ ಹುಟ್ಟುವುದು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ, ಅಂದರೆ ನಾವೆಲ್ಲ ಡೇರಿ ಎಂದು ಕರೆಯುವ ಒಂದು ಅಂಕಣದ ಕೋಣೆಯಲ್ಲಿ.

1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾದ ಕಾಲದಲ್ಲಿ ಈ ಕೋಣೆಯಲ್ಲಿದ್ದುದು ಅಳತೆಯ ಪಾತ್ರೆ, ಡಿಗ್ರಿ ನೋಡುವ ಲ್ಯಾಕ್ಟೋಮೀಟರ್, ಕೈಯಲ್ಲಿ ತಿರುಗಿಸುವ ಫ್ಯಾಟ್ ಯಂತ್ರ ಮತ್ತು ದಪ್ಪ ರಟ್ಟಿನ ಒಂದು ಪುಸ್ತಕ. ಈಗ ಎಲೆಕ್ಟ್ರಾನಿಕ್ ತಕ್ಕಡಿ, ಹಾಲು ಪರೀಕ್ಷಿಸುವ ಯಂತ್ರ, ಕಂಪ್ಯೂಟರ್, ಚೀಟಿ ಹೊಡೆಯುವ ಪ್ರಿಂಟರ್ ಬಂದಿವೆ. ಇವುಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಕಂಪ್ಯೂಟರಿನ ಪರದೆ. ತಮ್ಮ ಹಾಲಿನ ತೂಕ, ಫ್ಯಾಟ್, ದರಗಳನ್ನು ಸದಸ್ಯರು ನೋಡಿ ಸಮಾಧಾನಪಡುವುದು ಅದರಲ್ಲಿಯೇ. ಆದುದರಿಂದ ಆ ಪರದೆ ಒಂದು ಬೆಳಗ್ಗೆ ಕಪ್ಪಾಯಿತೆಂದರೆ ಇಡೀ ಡೇರಿಯೇ ಕೆಟ್ಟಿತೆಂದು ಜನ ಭಾವಿಸುವುದು ಸಹಜ.

ಈ ಭಾವನೆ ತಪ್ಪು. ಪರದೆಯ ಪೆಟ್ಟಿಗೆಗೆ ಮಾನಿಟರ್ ಎಂದು ಹೆಸರು. ಅದು ಕೇವಲ ಕಿಟಕಿ ಇದ್ದಂತೆ. ಕಿಟಕಿ ಮುಚ್ಚಿದ ಮಾತ್ರಕ್ಕೆ ಮನೆಯೊಳಗಿನ ಧಾನ್ಯ ಖಾಲಿಯಾಗುವುದಿಲ್ಲ. ಲೆಕ್ಕವೆಲ್ಲ ಇರುವುದು ಮೇಜಿನ ಕೆಳಗೋ ಪಕ್ಕದಲ್ಲೋ ಇರುವ ಸಿಪಿಯು ಪೆಟ್ಟಿಗೆಯಲ್ಲಿ. ಮಾನಿಟರ್ ಕೆಟ್ಟಾಗ ನಿಜವಾದ ನಷ್ಟ ಆಗುವುದು ಮಾನಿಟರಿನಿಂದಲ್ಲ, ಗಾಬರಿಯಲ್ಲಿ ನಾವು ಮಾಡುವ ಕೆಲಸಗಳಿಂದ. ಸ್ವಿಚ್ಚನ್ನು ನಾಲ್ಕಾರು ಬಾರಿ ಆರಿಸಿ ಹೊತ್ತಿಸುವುದು, ಪೆಟ್ಟಿಗೆಗೆ ಬಡಿಯುವುದು, ಸಿಕ್ಕಿದ ವೈರುಗಳನ್ನೆಲ್ಲ ಕಿತ್ತು ಮತ್ತೆ ಎಲ್ಲಿಗೆ ಯಾವುದೆಂದು ತಿಳಿಯದೆ ಕೂರುವುದು, ಇಷ್ಟರಲ್ಲಿ ಹಾಲಿನ ಗಾಡಿ ಬಂದು ನಿಲ್ಲುವುದು ಇವೇ ನಿಜವಾದ ನಷ್ಟದ ಕಾರಣಗಳು.

ಮೊದಲು ಹಾಲು, ಆಮೇಲೆ ಪರದೆ

ಬೆಳಗಿನ ಆರೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಮೂವತ್ತು ಜನರ ಹಾಲು ಅಳೆದಾಗಿದೆ, ಇನ್ನು ಐವತ್ತು ಜನ ಸಾಲಿನಲ್ಲಿದ್ದಾರೆ. ಪರದೆ ಕಪ್ಪಾಯಿತು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಏನಪ್ಪಾ, ಕಂಪ್ಯೂಟ್ರು ಕೆಟ್ಟೋತಾ? ಹಾಲು ವಾಪಸ್ ತಗಂಡೋಗ್ಲಾ?" ಎಂದು ಕೇಳುತ್ತಾರೆ. ಕಾರ್ಯದರ್ಶಿಯ ಉತ್ತರ ಹೀಗಿರಬೇಕು: "ಬ್ಯಾಡಜ್ಜಿ, ತೂಕಕ್ಕಿಡು. ತಕ್ಕಡಿ ಕೆಟ್ಟಿಲ್ಲ."

ಇದು ಕೇವಲ ಸಮಾಧಾನದ ಮಾತಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ತನ್ನದೇ ಆದ ಅಂಕಿ ತೋರಿಸುವ ಕಿಂಡಿ ಇರುತ್ತದೆ. ಹಾಲು ಪರೀಕ್ಷಿಸುವ ಯಂತ್ರಕ್ಕೂ ಸಾಮಾನ್ಯವಾಗಿ ಇರುತ್ತದೆ. ಮಾನಿಟರ್ ಇಲ್ಲದಿದ್ದರೂ ಇವೆರಡೂ ತಮ್ಮ ಕೆಲಸ ಮಾಡುತ್ತವೆ. ಆದುದರಿಂದ ಪ್ರತಿ ಡೇರಿಯಲ್ಲಿಯೂ ಗೆರೆ ಹಾಕಿದ ಒಂದು ಪುಸ್ತಕ, ಎರಡು ಪೆನ್ನು, ಒಂದು ಕಾರ್ಬನ್ ಹಾಳೆ ಸದಾ ಸಿದ್ಧವಾಗಿರತಕ್ಕದ್ದು. ಸದಸ್ಯರ ಸಂಖ್ಯೆ, ಹೆಸರು, ತೂಕ, ಫ್ಯಾಟ್, ಎಸ್‌ಎನ್‌ಎಫ್ ಇಷ್ಟನ್ನು ಬರೆದುಕೊಂಡು ಕಾರ್ಬನ್ ಪ್ರತಿಯ ಚೀಟಿಯನ್ನು ಅವರ ಕೈಗೆ ಕೊಟ್ಟರೆ ಆಯಿತು. ದರವನ್ನು ಆಗಲೇ ಲೆಕ್ಕ ಹಾಕುವ ಅಗತ್ಯವಿಲ್ಲ. ಬರೆಯುವಾಗ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುವುದು ಒಳ್ಳೆಯದು. ಪರದೆಯಲ್ಲಿ ಕಣ್ಣಾರೆ ನೋಡಿ ಅಭ್ಯಾಸವಾದವರಿಗೆ ಕಿವಿಯಿಂದಲಾದರೂ ಕೇಳುವ ಹಕ್ಕಿದೆ.

ಬರೆದದ್ದನ್ನು ಅದೇ ದಿನ ಅಥವಾ ಮರುದಿನವೇ ಕಂಪ್ಯೂಟರಿಗೆ ಸೇರಿಸಬೇಕು. ಒಕ್ಕೂಟದ ವಿಸ್ತರಣಾಧಿಕಾರಿಗೆ ಅಂದೇ ದೂರವಾಣಿಯಲ್ಲಿ ತಿಳಿಸಬೇಕು. ಇದಕ್ಕೆ ಕಾರಣವಿದೆ. ರಾಜ್ಯ ಸರ್ಕಾರ ಹಾಲು ಉತ್ಪಾದಕರಿಗೆ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಗಿ ಮುಂದೆ 5 ರೂಪಾಯಿಗೆ ಏರಿತು. ಅದು ಸಂಘ ಕೊಡುವ ಲೆಕ್ಕದ ಆಧಾರದ ಮೇಲೆ ಸದಸ್ಯರ ಬ್ಯಾಂಕ್ ಖಾತೆಗೆ ಬರುವ ಹಣ. ದಿನಕ್ಕೆ 8 ಲೀಟರ್ ಹಾಕುವ ಮನೆಗೆ ಲೀಟರಿಗೆ 5 ರೂಪಾಯಿಯಂತೆ ದಿನಕ್ಕೆ 40, ತಿಂಗಳಿಗೆ 1,200 ರೂಪಾಯಿ. ಪುಸ್ತಕದಲ್ಲಿ ಬರೆದದ್ದು ಕಂಪ್ಯೂಟರಿಗೆ ಏರದೆ ಉಳಿದರೆ ಕತ್ತರಿ ಬೀಳುವುದು ಇಲ್ಲಿಗೇ.

ಇನ್ನು ಹಾಲು ಕಾಯುವುದಿಲ್ಲವೆಂಬುದು ಹೈನುಗಾರರಿಗೆ ಹೇಳಬೇಕಾದ ಮಾತಲ್ಲ. ಕರೆದ ಹಾಲಿನ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಬೇಸಿಗೆಯಲ್ಲಿ ಒಂದು ಗಂಟೆ ತಡವಾದರೆ ಒಬ್ಬರ ಹಾಲಲ್ಲ, ಇಡೀ ಕ್ಯಾನ್ ಒಡೆಯುವ ಸಂಭವ ಹೆಚ್ಚು. ಹಾಲು ಗಾಡಿಗೆ ಏರಿದ ಮೇಲೆಯೇ ಮಾನಿಟರಿಗೆ ಕೈ ಹಾಕತಕ್ಕದ್ದು.

ಕಂಪ್ಯೂಟರ್ ಬದುಕಿದೆಯೇ?

ಕೈ ಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಕೀಬೋರ್ಡಿನ ಬಲಗಡೆ, ಅಂಕಿಗಳ ಮೇಲ್ಭಾಗದಲ್ಲಿ ನಮ್ ಲಾಕ್ ಎಂಬ ಗುಂಡಿ ಇದೆ. ಅದನ್ನು ಒತ್ತಿದಾಗಲೆಲ್ಲ ಕೀಬೋರ್ಡಿನ ಮೇಲಿನ ಪುಟ್ಟ ದೀಪ ಹೊತ್ತುವುದು, ಆರುವುದು ಆಗುತ್ತಿದ್ದರೆ ಕಂಪ್ಯೂಟರ್ ಬದುಕಿದೆ, ಅದರ ಲೆಕ್ಕ ನಡೆಯುತ್ತಿದೆ ಎಂದು ತಿಳಿಯಬಹುದು. ಆಗ ಸಿಪಿಯುವಿನ ಸ್ವಿಚ್ಚನ್ನು ಗೋಡೆಯಲ್ಲಿ ಆರಿಸಲೇಕೂಡದು. ಅಳೆದ ಮೂವತ್ತು ಜನರ ಲೆಕ್ಕ ಬರೆಯುತ್ತಿರುವಾಗಲೇ ವಿದ್ಯುತ್ ತಪ್ಪಿದರೆ ಆ ಕಡತ ಹಾಳಾಗಬಹುದು. ಆರಿಸಲೇಬೇಕಾದರೆ ಸಿಪಿಯುವಿನ ಮುಂಭಾಗದ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟುಬಿಡಿ. ಸಾಮಾನ್ಯವಾಗಿ ಅದು ಕ್ರಮವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ನಾಲ್ಕೈದು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಕತ್ತು ಹಿಸುಕಿದಂತೆ ಥಟ್ಟನೆ ನಿಲ್ಲುತ್ತದೆ. ಇವೆರಡರ ವ್ಯತ್ಯಾಸವನ್ನು ಹಾಲು ಪರೀಕ್ಷಕನಿಗೂ ಹೇಳಿಕೊಡಬೇಕು.

ನಮ್ ಲಾಕ್ ದೀಪ ಅಲುಗಾಡದಿದ್ದರೆ, ಫ್ಯಾನಿನ ಸದ್ದೂ ಇಲ್ಲದಿದ್ದರೆ, ದೋಷ ಮಾನಿಟರಿನದಲ್ಲ. ಯುಪಿಎಸ್, ಸಿಪಿಯು ಇಲ್ಲವೇ ವಿದ್ಯುತ್ತಿನ ಕಡೆ ನೋಡಬೇಕು.

ಮಾನಿಟರಿನ ದೀಪ ಏನು ಹೇಳುತ್ತದೆ?

ಮಾನಿಟರಿನ ಮುಂಭಾಗದ ಅಂಚಿನಲ್ಲಿ, ಗುಂಡಿಯ ಬಳಿ ಒಂದು ಸಣ್ಣ ದೀಪವಿದೆ. ವೈದ್ಯರು ನಾಡಿ ಹಿಡಿದು ನೋಡುವಂತೆ ಮೊದಲು ಅದನ್ನು ನೋಡಬೇಕು. ದೀಪವೇ ಇಲ್ಲದಿದ್ದರೆ ಮಾನಿಟರಿಗೆ ವಿದ್ಯುತ್ ತಲುಪಿಲ್ಲ, ಅಥವಾ ಅದರೊಳಗಿನ ವಿದ್ಯುತ್ ಭಾಗ ಕೆಟ್ಟಿದೆ. ದೀಪ ಕಿತ್ತಳೆ ಬಣ್ಣದ್ದಾಗಿದ್ದರೆ ಅಥವಾ ಮಿಣುಕುತ್ತಿದ್ದರೆ ವಿದ್ಯುತ್ ಇದೆ, ಆದರೆ ಕಂಪ್ಯೂಟರಿನಿಂದ ಚಿತ್ರದ ಸಂಕೇತ ಬರುತ್ತಿಲ್ಲ. ಹಸಿರು ಅಥವಾ ನೀಲಿ ದೀಪ ಸ್ಥಿರವಾಗಿ ಉರಿಯುತ್ತಿದ್ದು ಪರದೆ ಮಾತ್ರ ಕಪ್ಪಗಿದ್ದರೆ ದೋಷ ಬಹುಶಃ ಮಾನಿಟರಿನ ಒಳಗಿದೆ. ದೀಪದ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಆದುದರಿಂದ ಮಾನಿಟರ್ ಚೆನ್ನಾಗಿರುವಾಗಲೇ ಅದರ ದೀಪ ಯಾವ ಬಣ್ಣದ್ದೆಂದು ನೋಡಿಟ್ಟುಕೊಂಡವರಿಗೆ ಈ ಪರೀಕ್ಷೆ ಸುಲಭ.

ದೀಪವೇ ಇಲ್ಲದಿದ್ದರೆ

ಇಲ್ಲಿ ನಗು ಬರುವಂಥ ಕಾರಣಗಳೇ ಹೆಚ್ಚು. ಕಸ ಗುಡಿಸುವಾಗ ಪೊರಕೆ ತಾಗಿ ಪ್ಲಗ್ ಸಡಿಲವಾಗಿರುತ್ತದೆ. ಮೇಜು ಒರೆಸುವಾಗ ಗುಂಡಿ ಒತ್ತಿಹೋಗಿರುತ್ತದೆ. ಮಾನಿಟರಿನ ಹಿಂಬದಿಗೆ ಸಿಕ್ಕಿಸುವ ಮೂರು ರಂಧ್ರದ ವಿದ್ಯುತ್ ವೈರು ಸಿಕ್ಕಿದಂತೆ ಕಂಡರೂ ಅರ್ಧ ಅಂಗುಲ ಹೊರಗಿರುತ್ತದೆ. ಅದನ್ನು ಗಟ್ಟಿಯಾಗಿ ಒಳಕ್ಕೆ ಒತ್ತಿ ನೋಡಬೇಕು. ಬಹುಪಾಲು ಮಾನಿಟರುಗಳ ವಿದ್ಯುತ್ ವೈರೂ ಸಿಪಿಯುವಿನ ವಿದ್ಯುತ್ ವೈರೂ ಒಂದೇ ತೆರನಾದವು. ಸಿಪಿಯುವನ್ನು ಕ್ರಮವಾಗಿ ಮುಚ್ಚಿದ ಮೇಲೆ ಅದರ ವೈರನ್ನು ಮಾನಿಟರಿಗೆ ಸಿಕ್ಕಿಸಿ ನೋಡಿದರೆ ವೈರು ಕೆಟ್ಟಿದೆಯೇ ಮಾನಿಟರ್ ಕೆಟ್ಟಿದೆಯೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಇದಕ್ಕೆ ಖರ್ಚು ಇಲ್ಲ, ಉಪಕರಣವೂ ಬೇಡ.

ಯುಪಿಎಸ್ ಹಿಂಬದಿಯ ಸಾಕೆಟ್ಟುಗಳೆಲ್ಲ ಒಂದೇ ಅಲ್ಲ. ಕೆಲವು ಯುಪಿಎಸ್‌ಗಳಲ್ಲಿ ಒಂದೆರಡು ಸಾಕೆಟ್ಟುಗಳಿಗೆ ಮಾತ್ರ ಬ್ಯಾಟರಿಯ ಆಸರೆ ಇದ್ದು, ಉಳಿದವು ಕರೆಂಟು ಹೋದಾಗ ಸತ್ತುಹೋಗುತ್ತವೆ. ಕರೆಂಟು ಹೋದ ಕೂಡಲೇ ಸಿಪಿಯು ನಡೆಯುತ್ತಿದ್ದು ಮಾನಿಟರ್ ಮಾತ್ರ ಕಪ್ಪಾಗುತ್ತಿದ್ದರೆ ಕಾರಣ ಇದೇ ಇರಬೇಕು. ಪ್ಲಗ್ ಬದಲಿಸಿದರೆ ಸಾಕು.

ಸಾಕೆಟ್ಟಿನಲ್ಲಿ ಕರೆಂಟು ಇದೆಯೇ ಎಂದು ನೋಡಲು ನಮ್ಮವರು ಜೇಬಿನಿಂದ ತೆಗೆಯುವುದು ಟೆಸ್ಟರನ್ನು. ಆದರೆ ಟೆಸ್ಟರ್ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಅದು ತೋರಿಸುವುದು ಫೇಸ್ ಇದೆಯೆಂಬುದನ್ನಷ್ಟೇ. ನ್ಯೂಟ್ರಲ್ ತುಂಡಾಗಿದ್ದರೂ ಟೆಸ್ಟರಿನ ದೀಪ ಹೊತ್ತುತ್ತದೆ. ಹೀಗಾಗಿ "ಟೆಸ್ಟರ್ ಹೊತ್ತುತ್ತದೆ, ಮಾನಿಟರ್ ಹೊತ್ತುವುದಿಲ್ಲ, ಆದ್ದರಿಂದ ಮಾನಿಟರ್ ಸುಟ್ಟಿದೆ" ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಅದೇ ಸಾಕೆಟ್ಟಿಗೆ ಒಂದು ಮೇಜಿನ ದೀಪವನ್ನೋ ಟೇಬಲ್ ಫ್ಯಾನನ್ನೋ ಸಿಕ್ಕಿಸಿ ನೋಡುವುದೇ ಸರಿಯಾದ ಪರೀಕ್ಷೆ.

ನ್ಯೂಟ್ರಲ್ ವಿಷಯ ಬಂದಿದ್ದರಿಂದ ಸ್ವಲ್ಪ ನಿಲ್ಲಬೇಕಾಗಿದೆ, ಏಕೆಂದರೆ ಹಳ್ಳಿಗಳಲ್ಲಿ ಮಾನಿಟರ್, ಟಿ.ವಿ., ಫ್ರಿಜ್‌ಗಳು ಒಟ್ಟಿಗೆ ಸುಡುವುದು ಇದರಿಂದಲೇ. ಪಂಪುಸೆಟ್ಟುಗಳೆಲ್ಲ ಒಮ್ಮೆಲೇ ಶುರುವಾದಾಗ ವೋಲ್ಟೇಜು ಇಳಿಯುತ್ತದೆ. ಇದರಿಂದ ಮಾನಿಟರಿಗೆ ಹೆದರಿಕೆಯಿಲ್ಲ. ಅದರ ಬೆನ್ನ ಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. 150 ವೋಲ್ಟಿನಲ್ಲಿಯೂ ಅದು ನಡೆಯಬಲ್ಲದು. ಅಪಾಯವಿರುವುದು ಏರಿಕೆಯಲ್ಲಿ. ಟ್ರಾನ್ಸ್‌ಫಾರ್ಮರಿನ ಬಳಿ ಅಥವಾ ಕಂಬದಲ್ಲಿ ನ್ಯೂಟ್ರಲ್ ತಂತಿ ಕಳಚಿಕೊಂಡರೆ ಎರಡು ಫೇಸ್‌ಗಳ ನಡುವಿನ 400 ವೋಲ್ಟಿಗೂ ಹೆಚ್ಚಿನ ಒತ್ತಡ ಬೇರೆ ಬೇರೆ ಮನೆಗಳ ಉಪಕರಣಗಳ ಮೇಲೆ ಹಂಚಿಹೋಗುತ್ತದೆ. ಕಡಿಮೆ ಉಪಕರಣ ಹಾಕಿಕೊಂಡ ಮನೆಗೆ ಹೆಚ್ಚು ಪಾಲು ಬೀಳುತ್ತದೆ. ಒಂದು ಮನೆಯಲ್ಲಿ ದೀಪ ಮಂಕು, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವಷ್ಟು ಪ್ರಖರ, ಫ್ಯಾನು ಹುಚ್ಚಾಪಟ್ಟೆ ಓಡುತ್ತದೆ ಎಂದಾದರೆ ಇದೇ ಗುರುತು. ತಕ್ಷಣ ಡೇರಿಯ ಮೇನ್ ಸ್ವಿಚ್ಚನ್ನು ಆರಿಸಿ ಲೈನ್‌ಮನ್‌ಗೆ ತಿಳಿಸಬೇಕು. ಕಂಬ ಹತ್ತುವ ಸಾಹಸ ಯಾರೂ ಮಾಡಕೂಡದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿಯೂ ಹೀಗೆಯೇ. ದೂರದಲ್ಲಿ ಗುಡುಗಿದ ಸದ್ದು ಕೇಳಿದ ಕೂಡಲೇ, ಮೋಡ ಇನ್ನೂ ಬೆಟ್ಟದಾಚೆ ಇರುವಾಗಲೇ, ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದು ವಾಸಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ತಲೆಯ ಮೇಲೆ ಬಂದ ಮೇಲೆ ವೈರು ಮುಟ್ಟಬಾರದು. ಮಳೆ ಕಡಿಮೆ ಇರುವ ಹಿರಿಯೂರಿನ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕಲ್ಲಾಗಿರುತ್ತದೆ. ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಕ್ಯಾನ್ ತೊಳೆದ ನೀರನ್ನು ಚರಂಡಿಗೆ ಬಿಡುವ ಬದಲು ವಾರಕ್ಕೆ ಎರಡು ಕೊಡ ಆ ಗುಂಡಿಗೆ ಹೊಯ್ದರೆ ಮನುಷ್ಯರಿಗೂ ಯಂತ್ರಗಳಿಗೂ ರಕ್ಷಣೆ.

ದೀಪ ಇದೆ, ಚಿತ್ರ ಇಲ್ಲ

ಮೊದಲು ಮೌಸನ್ನು ಅಲುಗಿಸಿ, ಯಾವುದಾದರೊಂದು ಗುಂಡಿ ಒತ್ತಿ ನೋಡಿ. ಕೆಲಸವಿಲ್ಲದಾಗ ಪರದೆ ನಿದ್ದೆ ಹೋಗುವಂತೆ ಕಂಪ್ಯೂಟರಿನಲ್ಲಿಯೇ ಏರ್ಪಾಡಿದೆ. ಆಮೇಲೆ ಚಿತ್ರದ ಕೇಬಲನ್ನು ನೋಡಬೇಕು. ಹಳೆಯ ಮಾನಿಟರುಗಳಲ್ಲಿ ಇದು ಸಾಮಾನ್ಯವಾಗಿ ನೀಲಿ ತಲೆಯ, ಎರಡು ತಿರುಪುಗಳ ವಿಜಿಎ ಕೇಬಲ್. ತಿರುಪು ಬಿಗಿಯದೆ ಸುಮ್ಮನೆ ಸಿಕ್ಕಿಸಿದ್ದರೆ ಮೇಜು ಸರಿಸಿದ ದಿನ ಕಳಚಿಕೊಳ್ಳುತ್ತದೆ. ಎರಡೂ ಕಡೆ ಬಿಚ್ಚಿ, ತಲೆಯೊಳಗೆ ಇಣುಕಿ ನೋಡಿ. ಮೂರು ಸಾಲಿನಲ್ಲಿ ಸೂಜಿಯಂಥ ಕಡ್ಡಿಗಳಿರುತ್ತವೆ. ಯಾವುದಾದರೂ ಬಾಗಿದ್ದರೆ ಹಳೆಯ ಬಾಲ್‌ಪೆನ್ನಿನ ಖಾಲಿ ತುದಿಯಿಂದ ಮೆಲ್ಲಗೆ ನೆಟ್ಟಗೆ ಮಾಡಬಹುದು. ನಡುವಿನ ಸಾಲಿನಲ್ಲಿ ಒಂದು ಕಡ್ಡಿ ಇಲ್ಲದಿದ್ದರೆ ಮುರಿದಿದೆಯೆಂದು ಹೆದರಬೇಡಿ. ಎಷ್ಟೋ ಕೇಬಲುಗಳಲ್ಲಿ ಒಂಬತ್ತನೆಯ ಕಡ್ಡಿಯನ್ನು ತಯಾರಕರೇ ಬಿಟ್ಟಿರುತ್ತಾರೆ.

ಈ ಕೇಬಲ್ ಕೆಡುವ ಮುಂಚೆ ಮುನ್ಸೂಚನೆ ಕೊಡುವುದುಂಟು. ಪರದೆ ಇದ್ದಕ್ಕಿದ್ದಂತೆ ಹಳದಿಗಟ್ಟಿದರೆ ನೀಲಿ ಬಣ್ಣ ಒಯ್ಯುವ ಎಳೆ ತಪ್ಪಿದೆ. ನೇರಳೆ ಗುಲಾಬಿಗೆ ತಿರುಗಿದರೆ ಹಸಿರಿನ ಎಳೆ. ತಿಳಿನೀಲಿಗೆ ತಿರುಗಿದರೆ ಕೆಂಪಿನದು. ಕೇಬಲ್ ಅಲುಗಿಸಿದಾಗ ಬಣ್ಣ ಬಂದು ಹೋಗುತ್ತಿದ್ದರೆ ಹೊಸ ಕೇಬಲ್ ತರುವ ಕಾಲ ಬಂದಿದೆ. ಕ್ಯಾನ್ ಹಿಡಿದ ಹಾಲಿನ ಕೈಯಲ್ಲಿ ಕೇಬಲ್ ಮುಟ್ಟುವುದು ಡೇರಿಗಳಲ್ಲಿ ಕಾಣುವ ಕೆಟ್ಟ ಅಭ್ಯಾಸ. ಒಣಗಿದ ಹಾಲಿನ ಉಪ್ಪು ಲೋಹವನ್ನು ತಿನ್ನುತ್ತದೆ, ಅದರ ಸಿಹಿಗೆ ಇರುವೆ ಬರುತ್ತದೆ, ಇರುವೆಯ ಹಿಂದೆ ಹಲ್ಲಿ ಬರುತ್ತದೆ.

ಈಗ ಬರುವುದು, ನನ್ನ ಅಭಿಪ್ರಾಯದಲ್ಲಿ, ಇಡೀ ಲೇಖನದಲ್ಲಿ ನೆನಪಿಡಬೇಕಾದ ಒಂದೇ ಒಂದು ಪರೀಕ್ಷೆ. ಮಾನಿಟರಿಗೆ ವಿದ್ಯುತ್ ಇರುವಂತೆಯೇ, ಚಿತ್ರದ ಕೇಬಲನ್ನು ಸಿಪಿಯು ಕಡೆಯಿಂದ ಬಿಚ್ಚಿ, ಮಾನಿಟರಿನ ಗುಂಡಿಯನ್ನು ಆರಿಸಿ ಮತ್ತೆ ಹೊತ್ತಿಸಿ. ಬಹುತೇಕ ಮಾನಿಟರುಗಳು ಆಗ "ನೋ ಸಿಗ್ನಲ್" ಅಥವಾ "ಚೆಕ್ ಕೇಬಲ್" ಎಂಬ ಅರ್ಥದ ಒಂದು ಚೌಕಟ್ಟನ್ನು ಕೆಲವು ಸೆಕೆಂಡು ತೋರಿಸುತ್ತವೆ. ಆ ಅಕ್ಷರಗಳು ಮೂಡಿದರೆ ಮಾನಿಟರಿನ ವಿದ್ಯುತ್ ಭಾಗವೂ ಬೆಳಕೂ ಪರದೆಯೂ ಸರಿಯಾಗಿವೆ. ದೋಷ ಕೇಬಲಿನಲ್ಲಿ ಇಲ್ಲವೇ ಸಿಪಿಯುವಿನಲ್ಲಿ. ಇಷ್ಟು ತಿಳಿಯದೆ ಒಳ್ಳೆಯ ಮಾನಿಟರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೊತ್ತು, "ಇದು ಸರಿಯಾಗಿಯೇ ಇದೆಯಲ್ಲ" ಎನ್ನಿಸಿಕೊಂಡು ಹಿಂತಿರುಗಿದರೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ದಂಡ.

ಮಾನಿಟರಿಗೆ ಎರಡು ಬಗೆಯ ಕೇಬಲ್ ಸಿಕ್ಕಿಸುವ ಜಾಗವಿದ್ದರೆ, ಒರೆಸುವಾಗ ಬೆರಳು ತಾಗಿ ಅದು ಖಾಲಿ ಇರುವ ಇನ್ನೊಂದು ಜಾಗದ ಕಡೆಗೆ ತಿರುಗಿರಬಹುದು. ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಒತ್ತಿ ಸರಿಯಾದದ್ದನ್ನು ಆರಿಸಬೇಕು.

ಮಾನಿಟರ್ ಚೆನ್ನಾಗಿದ್ದು, ಸಿಪಿಯು ಹೊತ್ತಿಸಿದಾಗ ಫ್ಯಾನು ತಿರುಗಿದರೂ ಚಿತ್ರ ಬಾರದೆ ಬೀಪ್ ಬೀಪ್ ಎಂದು ಕೂಗಿಕೊಳ್ಳುತ್ತಿದ್ದರೆ, ಒಳಗಿನ ಮೆಮೊರಿ ಪಟ್ಟಿ ದೂಳಿನಿಂದ ಸಡಿಲವಾಗಿರುವುದು ಹೆಚ್ಚು. ಮೆಕ್ಕೆಜೋಳ ಬಡಿಯುವ ಕಾಲದಲ್ಲಿ ರಸ್ತೆಯೆಲ್ಲ ಕಣವಾಗಿರುತ್ತದೆ, ಆಷಾಢದ ಗಾಳಿ ಬೇರೆ. ಬೆಟ್ಟಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಡೇರಿಯ ಕಿಟಕಿಯಿಂದ ಹೊಟ್ಟು ದೂಳನ್ನು ತಂದು ಪೆಟ್ಟಿಗೆಯೊಳಗೆ ತುಂಬುತ್ತದೆ. ವಾರಂಟಿ ಮುಗಿದಿರುವ ಸಿಪಿಯು ಆದರೆ, ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿ, ಮೆಮೊರಿ ಪಟ್ಟಿಯನ್ನು ಎರಡು ಕೊಂಡಿ ಸರಿಸಿ ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಕೊಂಡಿಗಳು ಟಕ್ಕೆನ್ನುವವರೆಗೆ ಮತ್ತೆ ಕೂರಿಸಬಹುದು. ಕೈ ನಡುಗುವವರು ಈ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಲಿ; ಅದರಲ್ಲಿ ನಾಚಿಕೆಯೇನಿಲ್ಲ.

ಟಾರ್ಚಿನ ಪರೀಕ್ಷೆ

ದೀಪ ಸ್ಥಿರವಾಗಿ ಉರಿಯುತ್ತಿದೆ, ಕೇಬಲ್ ಸರಿಯಿದೆ, ಆದರೂ ಪರದೆ ಕಪ್ಪು. ಆಗ ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಅಕ್ಷರಗಳು ಹೊಗೆಯೊಳಗಿನಂತೆ ಮಸುಕಾಗಿ ಕಂಡರೆ ರೋಗ ಪತ್ತೆಯಾದಂತೆ. ಈಗಿನ ತೆಳು ಪರದೆ ತಾನೇ ಬೆಳಗುವುದಿಲ್ಲ. ಅದು ಬಣ್ಣದ ಗಾಜಿನ ಹಾಗೆ. ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಚಿತ್ರ ಕಾಣುತ್ತದೆ. ಸುಮಾರು 2010ಕ್ಕೆ ಮೊದಲಿನ ತೆಳು ಮಾನಿಟರುಗಳಲ್ಲಿ ಈ ಬೆಳಕಿಗೆ ಪೆನ್ಸಿಲಿಗಿಂತ ಸಣ್ಣ ಟ್ಯೂಬ್‌ಲೈಟುಗಳೂ, ಅವನ್ನು ಹೊತ್ತಿಸಲು ಇನ್‌ವರ್ಟರ್ ಎಂಬ ಪಟ್ಟಿಯೂ ಇದ್ದವು. ನಂತರ ಬಂದವುಗಳಲ್ಲಿ ಎಲ್‌ಇಡಿ ಸಾಲು. ಪರದೆ ಹೊತ್ತಿ ಎರಡು ಸೆಕೆಂಡು ಚಿತ್ರ ತೋರಿಸಿ ಆರಿಹೋಗುತ್ತಿದ್ದರೂ ಹಳೆಯ ಮಾನಿಟರುಗಳಲ್ಲಿ ಈ ಟ್ಯೂಬು ಅಥವಾ ಇನ್‌ವರ್ಟರಿನದೇ ದೋಷ. ಮೆಕ್ಯಾನಿಕ್ ಬಳಿ ಹೋಗಿ "ಪರದೆ ಬರುತ್ತಿಲ್ಲ" ಎನ್ನುವುದಕ್ಕೂ, "ಟಾರ್ಚ್ ಹಿಡಿದರೆ ಅಕ್ಷರ ಕಾಣುತ್ತದೆ, ಬೆಳಕು ಮಾತ್ರ ಇಲ್ಲ" ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತು ಹೇಳಿದವರಿಗೆ ಇಡೀ ಪರದೆಯನ್ನೇ ಬದಲಿಸಬೇಕೆಂದು ಹೇಳುವುದು ಕಷ್ಟ.

ಬಹಳ ಮಾನಿಟರುಗಳು ಒಮ್ಮೆಲೇ ಸಾಯುವುದಿಲ್ಲ. ಇದ್ದಕ್ಕಿದ್ದಂತೆ ಸತ್ತಿತು ಎಂದು ನಾವು ಹೇಳುತ್ತೇವೆ, ಅಷ್ಟೆ. ಹಿಂದಿನ ಚಳಿಗಾಲದಲ್ಲಿಯೇ ಅದು ಬೆಳಗ್ಗೆ ಹೊತ್ತಲು ಐದು ನಿಮಿಷ ತೆಗೆದುಕೊಳ್ಳುತ್ತಿತ್ತು, ಟಿಕ್ ಟಿಕ್ ಸದ್ದು ಮಾಡುತ್ತಿತ್ತು, ಬಿಸಿಯಾದ ಮೇಲೆ ಸರಿಹೋಗುತ್ತಿತ್ತು. ಇದು ವಿದ್ಯುತ್ ಭಾಗದಲ್ಲಿರುವ ಕೆಪ್ಯಾಸಿಟರುಗಳು ಬಳಲಿದ ಲಕ್ಷಣ. ಸಣ್ಣ ಡಬ್ಬಿಯಂತಿರುವ ಇವುಗಳೊಳಗಿನ ದ್ರವ ವರ್ಷಗಟ್ಟಲೆ ಶಾಖಕ್ಕೆ ಒಣಗುತ್ತದೆ, ಕೆಲವೊಮ್ಮೆ ಡಬ್ಬಿಯ ನೆತ್ತಿ ಉಬ್ಬುತ್ತದೆ. ಚಳಿಯಲ್ಲಿ ಅವುಗಳ ಶಕ್ತಿ ಇನ್ನೂ ಕುಗ್ಗುವುದರಿಂದ ಧನುರ್ಮಾಸದ ಬೆಳಗ್ಗೆ ಮಾನಿಟರ್ ಮೊಂಡು ಹಿಡಿಯುತ್ತದೆ. "ಆರಿಸಿದರೆ ತಾನೇ ತೊಂದರೆ" ಎಂದು ಕೆಲವರು ರಾತ್ರಿಯೆಲ್ಲ ಹೊತ್ತಿಸಿಯೇ ಇಡುತ್ತಾರೆ. ಇದರಿಂದ ರೋಗ ಮರೆಯಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ, ಒಣಗುವಿಕೆ ಇನ್ನೂ ಬೇಗ ಆಗುತ್ತದೆ. ಈ ಹಂತದಲ್ಲಿಯೇ ತೋರಿಸಿದರೆ ಟಿ.ವಿ. ರಿಪೇರಿ ಮಾಡಬಲ್ಲ ಯಾವ ಮೆಕ್ಯಾನಿಕ್ ಆದರೂ ನಾಲ್ಕಾರು ಕೆಪ್ಯಾಸಿಟರ್ ಬದಲಿಸಿ ಕೊಡಬಹುದು. ಬಿಡಿಭಾಗದ ಬೆಲೆ ಅತಿ ಕಡಿಮೆ. ಮಜೂರಿಯೇ ಮುಖ್ಯ ಖರ್ಚು.

ಬೆನ್ನಿನ ಮುಚ್ಚಳ ಬಿಚ್ಚಕೂಡದು

ಸಿಪಿಯು ಬಿಚ್ಚಬಹುದೆಂದ ಮಾತ್ರಕ್ಕೆ ಮಾನಿಟರ್ ಬಿಚ್ಚಬಹುದೆಂದು ತಿಳಿಯಬಾರದು. ಪ್ಲಗ್ ಕಿತ್ತ ನಂತರವೂ ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿನಷ್ಟು ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರಬಲ್ಲದು. ಮೂಲೆಯಲ್ಲಿ ಬಿದ್ದಿರುವ ಡಬ್ಬದಂಥ ಹಳೆಯ ಮಾನಿಟರ್ ಇನ್ನೂ ಅಪಾಯದ್ದು. ಅದರ ಗಾಜಿನ ಕೊಳವೆ 20,000 ವೋಲ್ಟಿಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವಂಥದು. ಆ ವಿದ್ಯುತ್ತನ್ನು ಪ್ಲಗ್ ಕಿತ್ತ ಬಹಳ ಹೊತ್ತಿನ ನಂತರವೂ ಹಿಡಿದಿಟ್ಟುಕೊಂಡಿರಬಹುದು. ಒಳಗೆ ಗಾಳಿ ತೆಗೆದಿರುವುದರಿಂದ ಕೊಳವೆ ಒಡೆದರೆ ಚೂರುಗಳು ಸಿಡಿಯುತ್ತವೆ. ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ, ಒಳಗೆ ನೀರು ಹೋಗಿದ್ದರೆ ಯಾವ ಪರೀಕ್ಷೆಯೂ ಬೇಡ. ಮೇನ್ ಸ್ವಿಚ್ ಆರಿಸಿ ಪ್ಲಗ್ ಕೀಳುವುದೊಂದೇ ಕೆಲಸ.

ಮಣ್ಣುಗೂಡು ಕಟ್ಟುವ ಕಡಜ ಮಾನಿಟರಿನ ಗಾಳಿಕಿಂಡಿಗಳನ್ನು ಮುಚ್ಚುವುದುಂಟು. ಇದನ್ನು ಹೊರಗಿನಿಂದಲೇ ಒಣ ಬ್ರಷ್‌ನಿಂದ ತೆಗೆಯಬಹುದು. ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ನೀರು ಚಿಮುಕಿಸುವುದು ಸಲ್ಲದು. ನೀರು ಕೆಳ ಅಂಚಿನಲ್ಲಿ ಇಳಿದು ಒಳಗೆ ಸೇರುತ್ತದೆ.

ಬದಲಿ ತರುವಾಗ

ಅನುಮಾನ ಉಳಿದರೆ ಬದಲಿ ಮಾನಿಟರ್ ಹಾಕಿ ನೋಡುವುದೇ ಅಂತಿಮ ಪರೀಕ್ಷೆ. ಊರಿನ ಶಾಲೆಯಿಂದಲೋ ಪರಿಚಿತರಿಂದಲೋ ಒಂದು ಗಂಟೆಯ ಮಟ್ಟಿಗೆ ಕೇಳಿ ತರಬಹುದು. ಎಷ್ಟೋ ಟಿ.ವಿ.ಗಳ ಹಿಂಬದಿಯಲ್ಲಿಯೂ ಕಂಪ್ಯೂಟರಿನ ಕೇಬಲ್ ಹಿಡಿಸುವ ಜಾಗವಿದೆ. ಹೊಸ ಮಾನಿಟರ್ ಕೊಂಡ ಸಂಘ ಇನ್ನೂ ಹೊತ್ತುತ್ತಿರುವ ಹಳೆಯದನ್ನು ಗುಜರಿಗೆ ಹಾಕದೆ ಬದಲಿಯಾಗಿ ಬಟ್ಟೆ ಮುಚ್ಚಿ ಇಟ್ಟುಕೊಳ್ಳುವುದು ಜಾಣತನ. ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ಮೀರುವುದಾದರೆ ರಿಪೇರಿ ಮಾಡಿಸಬಾರದೆಂಬುದು ನನ್ನ ಸಲಹೆ.

ಹೊಸದನ್ನು ಕೊಳ್ಳಲು ಹೋಗುವವರು ಸಿಪಿಯು ಹಿಂಬದಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಬೇಕು. ಈಗ ಬರುವ ಕೆಲವು ಮಾನಿಟರುಗಳಿಗೆ ಎಚ್‌ಡಿಎಂಐ ಜಾಗ ಮಾತ್ರ ಇರುತ್ತದೆ; ಹಳೆಯ ಸಿಪಿಯುವಿಗೆ ವಿಜಿಎ ಮಾತ್ರ. ನಡುವೆ ಹಾಕುವ ಪರಿವರ್ತಕ ಸಿಗುತ್ತದೆ, ಆದರೆ ಅದು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವಂಥದು. "ಕಂಪ್ಯೂಟರ್ ಕಡೆ ವಿಜಿಎ, ಮಾನಿಟರ್ ಕಡೆ ಎಚ್‌ಡಿಎಂಐ" ಎಂದು ಸ್ಪಷ್ಟವಾಗಿ ಕೇಳದಿದ್ದರೆ ತಿರುಗುಮುರುಗಾದುದನ್ನು ತಂದು ಮತ್ತೆ ಪೇಟೆಗೆ ಹೋಗಬೇಕಾಗುತ್ತದೆ.

ತೀರ ಸತ್ತ ಮಾನಿಟರನ್ನು ಏನು ಮಾಡಬೇಕು? ತಿಪ್ಪೆಗೆ ಮಾತ್ರ ಎಸೆಯಕೂಡದು. ಹಳೆಯ ಡಬ್ಬದ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಟ್ಯೂಬಿನ ತೆಳು ಮಾನಿಟರಿನಲ್ಲಿ ಪಾದರಸವಿದೆ. ತಿಪ್ಪೆಯಲ್ಲಿ ಒಡೆದರೆ ಇವು ಗೊಬ್ಬರದೊಡನೆ ಹೊಲಕ್ಕೂ, ಹೊಲದ ಮೇವಿನಿಂದ ಅದೇ ಹಸುವಿನ ಬಾಯಿಗೂ ಹೋಗುತ್ತವೆ. ತಾಮ್ರಕ್ಕಾಗಿ ವೈರು ಸುಡುವುದೂ ಇಷ್ಟೇ ಕೆಟ್ಟದ್ದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳ ಮರುಬಳಕೆಯ ಜವಾಬ್ದಾರಿಯಲ್ಲಿ ತಯಾರಕರಿಗೂ ಪಾಲಿದೆ. ಹೊಸ ಮಾನಿಟರ್ ಕೊಳ್ಳುವಾಗಲೇ ಅಂಗಡಿಯವರನ್ನು ಹಳೆಯದನ್ನು ತೆಗೆದುಕೊಳ್ಳುವಿರಾ ಎಂದು ಕೇಳಿ, ಕೊಟ್ಟುದಕ್ಕೆ ರಸೀದಿ ಪಡೆದು ಸಂಘದ ದಾಸ್ತಾನು ಪುಸ್ತಕದಲ್ಲಿ ಆ ವಸ್ತುವಿನ ಎದುರು ಅಂಟಿಸಬೇಕು. ಹಾಗೆ ಮಾಡದಿದ್ದರೆ ಮುಂದಿನ ಆಡಿಟ್‌ನಲ್ಲಿ ಆ ಮಾನಿಟರ್ ಎಲ್ಲಿ ಹೋಯಿತೆಂದು ಕಾರ್ಯದರ್ಶಿಯೇ ಉತ್ತರ ಹೇಳಬೇಕಾಗುತ್ತದೆ.